ಕೊಲೆಸ್ಟ್ರಾಲ್ ಮಾತ್ರೆಯಿಂದ ಹೃದಯದ ಕವಾಟ ಸರಿಹೋಗುತ್ತದೆಯೇ?

ಹೃದಯದ ಕವಾಟದ ಕಾಯಿಲೆ ಕುರಿತು ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಬಹುತೇಕರನ್ನು ಕಾಡುತ್ತಿರುವುದು ಒಂದೇ ಗೊಂದಲ ಎಂದು ಕಂಡಿತು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯೇ ಕವಾಟದ ಔಷಧ ಎಂದು ಕೆಲವರು ನಂಬಿದ್ದಾರೆ. ಅದು ಕವಾಟಕ್ಕೆ ಉಪಯೋಗವಿಲ್ಲ ಎಂದು ಎಲ್ಲೋ ಕೇಳಿ ಮಾತ್ರೆಯನ್ನೇ ಬಿಟ್ಟವರೂ ಇದ್ದಾರೆ. ಎರಡೂ ಅಪಾಯವೇ. ಹಾಗಾಗಿ ಈ ಸಲದ ಪುಟಗಳನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಕಳೆದ ವರ್ಷ ಎಕೋ ಮಾಡಿಸಿದಾಗ ‘ಮಾಡರೇಟ್ ಅಯೋರ್ಟಿಕ್ ಸ್ಟೆನೋಸಿಸ್’ ಎಂದು ಬಂತು, ಪೀಕ್ ಗ್ರೇಡಿಯಂಟ್ 46 ಇತ್ತು. ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ. ಬರೆದುಕೊಟ್ಟರು. ಈ ವರ್ಷದ ಎಕೋದಲ್ಲಿ 41 ಬಂದಿದೆ. ಕೊಬ್ಬು ಕರಗಿ ವಾಲ್ವ್ ಬಿಡಿಸಿಕೊಳ್ಳುತ್ತಿದೆ, ಇನ್ನು ಎಕೋ ಬೇಡ ಎಂದು ಚಿಕ್ಕಪ್ಪ ಹೇಳುತ್ತಾರೆ. ನಿಜವೇ?
– ತುಮಕೂರು

ಉತ್ತರ: ಅಯೋರ್ಟಿಕ್ ಸ್ಟೆನೋಸಿಸ್ ಎಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟ ಕಿರಿದಾಗುವುದು. ಆ ಕವಾಟ ಬಿಡಿಸಿಕೊಂಡಿಲ್ಲ. ಎಕೋ ನಿಲ್ಲಿಸಬೇಡಿ. 46 ಹೇಗೆ 41 ಆಯಿತು ಎನ್ನುವುದರಿಂದಲೇ ಶುರು ಮಾಡೋಣ, ಏಕೆಂದರೆ ಎಷ್ಟೋ ಮನೆಗಳಲ್ಲಿ ಸುಳ್ಳು ಸಮಾಧಾನ ಹುಟ್ಟುವುದು ಇಂಥ ಅಂಕಿಗಳಿಂದಲೇ.

ಗ್ರೇಡಿಯಂಟ್ ಎಂದರೆ ಕವಾಟದ ಎರಡು ಬದಿಯ ರಕ್ತದ ಒತ್ತಡದ ಅಂತರ, ಪೀಕ್ ಎಂದರೆ ಅದರ ಗರಿಷ್ಠ. ಎಕೋ ಯಂತ್ರ ಆ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಕಿರಿದಾದ ಕವಾಟದಿಂದ ರಕ್ತ ಎಷ್ಟು ವೇಗವಾಗಿ ಚಿಮ್ಮುತ್ತಿದೆ ಎಂದು ಡಾಪ್ಲರ್ ಅಲೆಯಿಂದ ಅಳೆಯುತ್ತದೆ. ಆ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ 4ರಿಂದ ಗುಣಿಸಿದರೆ ಗ್ರೇಡಿಯಂಟ್ ಸಿಗುತ್ತದೆ. ವೇಗ ಸೆಕೆಂಡಿಗೆ 3.4 ಮೀಟರ್ ಇದ್ದರೆ ಗ್ರೇಡಿಯಂಟ್ 46, ವೇಗ 3.2 ಇದ್ದರೆ 41. ಅಂದರೆ ನಿಮ್ಮ ತಂದೆಯವರ ಎರಡು ವರದಿಗಳ ನಡುವೆ ನಿಜವಾಗಿ ಬದಲಾಗಿರುವುದು 0.2 ಮೀಟರ್ ವೇಗ ಮಾತ್ರ. ಪ್ರೋಬ್ ರಕ್ತದ ಧಾರೆಗೆ ನೇರವಾಗಿರದೆ ಸುಮಾರು 20 ಡಿಗ್ರಿ ಓರೆಯಾದರೂ ಸಾಕು, 3.4 ಇದ್ದದ್ದು 3.2 ಎಂದು ಕಾಣಿಸುತ್ತದೆ. ಅದಕ್ಕೇ ಅನುಭವಿಗಳು ಎದೆಯ ಎಡಗಡೆಯಿಂದ ಮಾತ್ರ ನೋಡಿ ಮುಗಿಸುವುದಿಲ್ಲ. ರೋಗಿಯನ್ನು ಬಲಮಗ್ಗುಲಿಗೆ ಮಲಗಿಸಿ ಎದೆಮೂಳೆಯ ಬಲಗಡೆಯಿಂದಲೂ, ಕುತ್ತಿಗೆಯ ಬುಡದಿಂದಲೂ ನೋಡಿ, ಸಿಕ್ಕ ಅತಿ ಹೆಚ್ಚಿನ ವೇಗವನ್ನು ಬರೆದುಕೊಳ್ಳುತ್ತಾರೆ. ಅವಸರದಲ್ಲಿ ಮಾಡಿದ ಎಕೋ ಕಾಯಿಲೆಯನ್ನು ಕಡಿಮೆ ತೋರಿಸುವುದೇ ಹೆಚ್ಚು. ಇನ್ನೊಂದು ಕಡೆ, ಜ್ವರ ಅಥವಾ ರಕ್ತಹೀನತೆ ಇದ್ದ ದಿನ ಮಾಡಿದರೆ ರಕ್ತದ ಓಟ ಜೋರಾಗಿದ್ದು ವೇಗ ಹೆಚ್ಚಾಗಿ ಕಾಣುತ್ತದೆ.

ಕವಾಟದ ವಿಸ್ತೀರ್ಣದ ಲೆಕ್ಕ ಇದಕ್ಕಿಂತ ನಾಜೂಕು. ಕವಾಟದ ಕೆಳಗಿನ ದಾರಿಯ ಅಗಲವನ್ನು ಅಳೆದು ವರ್ಗ ಮಾಡಬೇಕಾಗುತ್ತದೆ. ಆ ಅಗಲ 20 ಮಿ.ಮೀ. ಇದ್ದದ್ದನ್ನು 18 ಎಂದು ಅಳೆದರೆ, 1.2 ಚದರ ಸೆಂ.ಮೀ. ಇದ್ದ ಕವಾಟ ಕಾಗದದ ಮೇಲೆ 0.97ಕ್ಕೆ ಇಳಿದು ‘ಸಿವಿಯರ್’ ಆಗಿಬಿಡುತ್ತದೆ. ಎರಡು ಮಿಲಿಮೀಟರಿನ ಫರಕಿಗೆ ಮನೆಯವರೆಲ್ಲ ಗಾಬರಿ. ಆದಷ್ಟು ಒಂದೇ ಕಡೆ, ಒಬ್ಬರೇ ತಜ್ಞರ ಹತ್ತಿರ ಮಾಡಿಸಿ, ಹಳೆಯ ವರದಿಯನ್ನು ಅವರ ಮುಂದಿಡಿ. ವರದಿಯಲ್ಲಿ ನೀವು ಹುಡುಕಬೇಕಾದ್ದು ಮೂರು ಅಂಕಿ: ಗರಿಷ್ಠ ವೇಗ, ಮೀನ್ (ಸರಾಸರಿ) ಗ್ರೇಡಿಯಂಟ್, ಕವಾಟದ ವಿಸ್ತೀರ್ಣ. ವೇಗ 4 ಮೀಟರ್ ಮುಟ್ಟಿದರೆ, ಮೀನ್ ಗ್ರೇಡಿಯಂಟ್ 40 ಆದರೆ, ವಿಸ್ತೀರ್ಣ 1 ಚದರ ಸೆಂ.ಮೀ.ಗಿಂತ ಇಳಿದರೆ ಕಾಯಿಲೆ ತೀವ್ರ ಹಂತಕ್ಕೆ ಬಂದಿದೆ ಎಂದರ್ಥ. ಆರೋಗ್ಯವಂತರಲ್ಲಿ ಆ ವಿಸ್ತೀರ್ಣ 3ರಿಂದ 4 ಚದರ ಸೆಂ.ಮೀ. ಪೀಕ್ ಗ್ರೇಡಿಯಂಟನ್ನೂ ಮೀನ್ ಗ್ರೇಡಿಯಂಟನ್ನೂ ಒಂದಕ್ಕೊಂದು ಹೋಲಿಸಬೇಡಿ. ನಿಮ್ಮ ತಂದೆಯವರ 41 ಪೀಕ್, ಅದಕ್ಕೆ ತೀವ್ರ ಹಂತದ 40ರ ಗೆರೆ ಅನ್ವಯಿಸುವುದಿಲ್ಲ. ಮೂರು ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಸಿಟಿ ಸ್ಕ್ಯಾನಿನಲ್ಲಿ ಕವಾಟದ ಸುಣ್ಣದ ಅಂಶವನ್ನೇ ಎಣಿಸಬಹುದು. ಗಂಡಸರಲ್ಲಿ 2000, ಹೆಂಗಸರಲ್ಲಿ 1200 ದಾಟಿದರೆ ತೀವ್ರ ಕಾಯಿಲೆ ಇರುವ ಸಂಭವ ಹೆಚ್ಚು. ಇದಕ್ಕೆ ಡೈ ಚುಚ್ಚುವ ಅಗತ್ಯವೂ ಇಲ್ಲ.

ಇನ್ನು ಮಾತ್ರೆಯ ವಿಚಾರ. ಚಿಕ್ಕಪ್ಪನವರ ಮಾತು ಬುಡವಿಲ್ಲದ್ದಲ್ಲ, ಒಂದು ಕಾಲಕ್ಕೆ ಹೃದ್ರೋಗ ತಜ್ಞರೇ ಹಾಗೆ ನಂಬಿದ್ದರು. ಕೆಟ್ಟ ಕವಾಟಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರಕ್ತನಾಳದ ಗೋಡೆಯಲ್ಲಿ ಇರುವಂಥದೇ ಎಲ್‌ಡಿಎಲ್ ಕೊಬ್ಬು (ಕೆಟ್ಟ ಕೊಲೆಸ್ಟ್ರಾಲ್), ಉರಿಯೂತದ ಕಣಗಳು ಸಿಕ್ಕಿದ್ದವು. ಕಾಯಿಲೆ ಒಂದೇ ಬಗೆಯದಾದರೆ ಮದ್ದೂ ಒಂದೇ ಇರಬೇಕಲ್ಲವೇ ಎಂಬ ತರ್ಕ. ಹಳೆಯ ರೋಗಿಗಳ ಕಡತ ತಿರುವಿ ನೋಡಿದ ಅಧ್ಯಯನಗಳೂ ಅದಕ್ಕೆ ಇಂಬು ಕೊಟ್ಟವು. ಪೋರ್ಚುಗಲ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಸುವಾಸ್ಟಾಟಿನ್ ತೆಗೆದುಕೊಂಡವರ ಕವಾಟ ನಿಧಾನವಾಗಿ ಕಿರಿದಾದಂತೆ ಕಂಡಿತು. ಆದರೆ ಅಲ್ಲಿ ಮಾತ್ರೆ ಯಾರಿಗೆ ಎಂದು ಚೀಟಿ ಎತ್ತಿ ಹಂಚಿರಲಿಲ್ಲ. ಕೊಲೆಸ್ಟ್ರಾಲ್ ಹೆಚ್ಚಿದ್ದವರಿಗೆ ಮಾತ್ರೆ ಕೊಟ್ಟಿದ್ದರು, ಉಳಿದವರಿಗೆ ಕೊಟ್ಟಿರಲಿಲ್ಲ. ಹೋಲಿಕೆಗೆ ಸಿಕ್ಕ ಎರಡು ಗುಂಪುಗಳು ಮೊದಲಿಂದಲೇ ಬೇರೆ ಬೇರೆ.

ಚೀಟಿ ಎತ್ತಿ, ರೋಗಿಗೂ ವೈದ್ಯರಿಗೂ ಗೊತ್ತಾಗದಂತೆ ನಿಜವಾದ ಮಾತ್ರೆ ಮತ್ತು ಔಷಧವಿಲ್ಲದ ಮಾತ್ರೆ ಹಂಚಿ ಮಾಡಿದ ಪರೀಕ್ಷೆಗಳಲ್ಲಿ ಆ ಆಸೆ ಕರಗಿತು. ಸ್ಕಾಟ್ಲೆಂಡಿನ ಸಾಲ್ಟೈರ್ ಪರೀಕ್ಷೆಯಲ್ಲಿ 155 ಜನರಿದ್ದರು. ಕೊಟ್ಟದ್ದು ಅಟೋರ್ವಾಸ್ಟಾಟಿನ್ 80 ಮಿ.ಗ್ರಾಂ., ಅಂದರೆ ಪೂರ್ಣ ಪ್ರಮಾಣ. 2005ರಲ್ಲಿ ಫಲಿತಾಂಶ ಬಂದಾಗ ಎಲ್‌ಡಿಎಲ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಕವಾಟದಲ್ಲಿ ರಕ್ತದ ವೇಗ ಮಾತ್ರೆ ಪಡೆದವರಲ್ಲಿ ವರ್ಷಕ್ಕೆ 0.199 ಮೀಟರ್ ಏರಿತ್ತು, ಪಡೆಯದವರಲ್ಲಿ 0.203. ಇದನ್ನು ವ್ಯತ್ಯಾಸ ಎನ್ನಲಾಗದು. ಉತ್ತರ ಯುರೋಪಿನ ದೇಶಗಳಲ್ಲಿ ನಡೆದ ಸೀಸ್ ಪರೀಕ್ಷೆ ಇನ್ನೂ ದೊಡ್ಡದು: 1873 ಜನ, ಸಿಮ್ವಾಸ್ಟಾಟಿನ್ 40 ಮತ್ತು ಎಜೆಟಿಮೈಬ್ 10 ಮಿ.ಗ್ರಾಂ. ಜೊತೆಯಾಗಿ, ನಾಲ್ಕು ವರ್ಷಕ್ಕೂ ಹೆಚ್ಚು. 2008ರ ಫಲಿತಾಂಶದಲ್ಲಿ ಕವಾಟ ಬದಲಿಸಿಕೊಳ್ಳಬೇಕಾಗಿ ಬಂದವರು ಮಾತ್ರೆಯ ಗುಂಪಿನಲ್ಲಿ ಶೇ 28.3, ಇನ್ನೊಂದರಲ್ಲಿ ಶೇ 29.9, ಇದೂ ಲೆಕ್ಕಕ್ಕೆ ಬಾರದ ಅಂತರ. ಕೆನಡಾದಲ್ಲಿ 269 ಜನರಿಗೆ ರೋಸುವಾಸ್ಟಾಟಿನ್ 40 ಮಿ.ಗ್ರಾಂ. ಕೊಟ್ಟು ನೋಡಿದ ಆಸ್ಟ್ರಾನಮರ್ ಪರೀಕ್ಷೆಯೂ 2010ರಲ್ಲಿ ಅದನ್ನೇ ಹೇಳಿತು. ಬೇರೆ ಬೇರೆ ಮಾತ್ರೆ, ಬೇರೆ ಬೇರೆ ದೇಶ, ಉತ್ತರ ಒಂದೇ. ಕವಾಟ ಕಿರಿದಾಗುವುದನ್ನು ತಡೆಯಲು ಸ್ಟಾಟಿನ್ ಕೊಡಬಾರದು ಎಂದು ಅಮೆರಿಕ ಮತ್ತು ಯುರೋಪಿನ ಮಾರ್ಗಸೂಚಿಗಳು ಇಂದು ಸ್ಪಷ್ಟವಾಗಿ ಹೇಳುವುದು ಈ ಆಧಾರದ ಮೇಲೆ.

ಕೊಬ್ಬು ಇಳಿದರೂ ಕವಾಟ ಏಕೆ ಕೇಳುವುದಿಲ್ಲ? ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಸುಣ್ಣ ಕಟ್ಟುವುದನ್ನು ನೋಡಿರುತ್ತೀರಿ. ಕವಾಟದ ಮೇಲೂ ಹಾಗೇ ಪದರ ಕೂತಿದೆ, ತೊಳೆದರೆ ಹೋಗುತ್ತದೆ ಎಂದು ಜನ ಭಾವಿಸುತ್ತಾರೆ. ಅದು ಮೇಲೆ ಕೂತ ಪದರವಲ್ಲ. ಕೊಬ್ಬು ಮತ್ತು ಉರಿಯೂತ ಕಿಡಿ ಹಚ್ಚುವುದು ನಿಜ. ಆದರೆ ಒಮ್ಮೆ ಹತ್ತಿಕೊಂಡಿತೆಂದರೆ ಕವಾಟದೊಳಗಿನ ಜೀವಕೋಶಗಳೇ ಮೂಳೆ ಕಟ್ಟುವ ಜೀವಕೋಶಗಳಂತೆ ಕೆಲಸ ಶುರು ಮಾಡುತ್ತವೆ. ಅಲ್ಲಿಂದ ಮುಂದೆ ಸುಣ್ಣದ ಗಂಟು ಕವಾಟದ ಎಸಳಿನ ಬಿಗುವನ್ನು ಹೆಚ್ಚಿಸುತ್ತದೆ, ಆ ಬಿಗುವು ಇನ್ನಷ್ಟು ಸುಣ್ಣ ಕಟ್ಟಿಸುತ್ತದೆ. ಕೊಬ್ಬಿನ ಹಂಗು ಅಲ್ಲಿಗೆ ಮುಗಿಯುತ್ತದೆ. ಎಕೋದಲ್ಲಿ ಕಾಯಿಲೆ ಕಾಣುವ ಹೊತ್ತಿಗೆ ಹೆಚ್ಚಿನವರು ಆ ಹಂತ ದಾಟಿರುತ್ತಾರೆ.

ಮಾಡರೇಟ್ ಹಂತದವರಿಗೆ 1–2 ವರ್ಷಕ್ಕೊಮ್ಮೆ ಎಕೋ ಬೇಕು. ಮೈಲ್ಡ್ ಇದ್ದರೆ 3–5 ವರ್ಷಕ್ಕೊಮ್ಮೆ, ಸಿವಿಯರ್ ಆಗಿ ಲಕ್ಷಣಗಳಿಲ್ಲದಿದ್ದರೆ 6–12 ತಿಂಗಳಿಗೊಮ್ಮೆ. ವೇಗ ವರ್ಷಕ್ಕೆ ಸರಾಸರಿ 0.3 ಮೀಟರಿನಷ್ಟು ಏರಬಹುದು, ಕೆಲವರಲ್ಲಿ ಇನ್ನೂ ಬೇಗ. ತಂದೆಯವರಿಗೆ ಮೆಟ್ಟಿಲು ಹತ್ತುವಾಗ ಏದುಸಿರು, ಎದೆ ಹಿಡಿದಂತಾಗುವುದು, ಕಣ್ಣು ಕತ್ತಲೆ ಕಟ್ಟುವುದು ಯಾವುದೊಂದು ಕಂಡರೂ ಎಕೋದ ದಿನ ಬರಲಿ ಎಂದು ಕಾಯಬೇಡಿ.

ಪ್ರಶ್ನೆ: ನನಗೆ 61. ನಾಲ್ಕು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಈಗ ಕವಾಟದಲ್ಲೂ ಮೈಲ್ಡ್ ಸ್ಟೆನೋಸಿಸ್ ಇದೆ ಎಂದರು. ಸ್ಟಾಟಿನ್ ಕವಾಟಕ್ಕೆ ಕೆಲಸ ಮಾಡುವುದಿಲ್ಲ ಎಂದು ಮೊಬೈಲಿನಲ್ಲಿ ಬಂದ ಸಂದೇಶ ಓದಿ ಒಂದು ತಿಂಗಳಿಂದ ಮಾತ್ರೆ ನಿಲ್ಲಿಸಿದ್ದೇನೆ. ತೊಡೆ ನೋವೂ ಇತ್ತು. ಸರಿ ತಾನೇ?
– ಹಾಸನ

ಉತ್ತರ: ಸರಿಯಲ್ಲ. ಇಂದೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ನಿಮಗೆ ಸ್ಟಾಟಿನ್ ಕೊಟ್ಟದ್ದು ಕವಾಟಕ್ಕಲ್ಲ, ಸ್ಟೆಂಟ್ ಹಾಕಿದ ರಕ್ತನಾಳಕ್ಕೆ ಮತ್ತು ಅದರ ಅಕ್ಕಪಕ್ಕದ ನಾಳಗಳಿಗೆ. ಅಲ್ಲಿ ಅದರ ಉಪಯೋಗದ ಬಗ್ಗೆ ಯಾವ ಸಂಶಯವೂ ಇಲ್ಲ. ಮೇಲೆ ಹೇಳಿದ ಸೀಸ್ ಪರೀಕ್ಷೆಯಲ್ಲೇ ನೋಡಿ: ಕವಾಟಕ್ಕೆ ಪ್ರಯೋಜನವಾಗಲಿಲ್ಲ, ಆದರೆ ರಕ್ತನಾಳ ಕಟ್ಟಿಕೊಳ್ಳುವುದರಿಂದ ಆಗುವ ತೊಂದರೆಗಳು ಶೇ 20.1ರಿಂದ ಶೇ 15.7ಕ್ಕೆ ಇಳಿದವು, ಬೈಪಾಸ್ ಬೇಕಾದವರೂ ಕಡಿಮೆಯಾದರು. ಕವಾಟ ಸುಣ್ಣ ಕಟ್ಟಿದವರಲ್ಲಿ ಅನೇಕರಿಗೆ ರಕ್ತನಾಳದ ಕಾಯಿಲೆಯೂ ಜೊತೆಗಿರುತ್ತದೆ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಎರಡಕ್ಕೂ ಕಾರಣ. ಹಾಗಾಗಿ ಕವಾಟದ ರೋಗಿಗೆ ಸ್ಟಾಟಿನ್ ಬೇಕೇ ಬೇಡವೇ ಎಂಬುದನ್ನು ಕವಾಟ ನೋಡಿ ತೀರ್ಮಾನಿಸುವುದಿಲ್ಲ. ಸಕ್ಕರೆ ಕಾಯಿಲೆ, ಹಿಂದಿನ ಹೃದಯಾಘಾತ, ಪಾರ್ಶ್ವವಾಯು, ಸ್ಟೆಂಟ್, ಎಲ್‌ಡಿಎಲ್ ಪ್ರಮಾಣ ಇವನ್ನು ನೋಡಿ ತೀರ್ಮಾನಿಸುತ್ತಾರೆ. ನಿಮ್ಮ ಹಾಗೆ ಸ್ಟೆಂಟ್ ಇದ್ದವರಿಗೆ ಸಾಮಾನ್ಯವಾಗಿ ಅಟೋರ್ವಾಸ್ಟಾಟಿನ್ 40–80 ಅಥವಾ ರೋಸುವಾಸ್ಟಾಟಿನ್ 20–40 ಮಿ.ಗ್ರಾಂ. ಬೇಕಾಗುತ್ತದೆ.

ತೊಡೆ ನೋವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸ್ಟಾಟಿನ್‌ನಿಂದ ಬರುವ ನೋವು ಬಹುಮಟ್ಟಿಗೆ ಎರಡೂ ತೊಡೆ ಅಥವಾ ಎರಡೂ ಭುಜಗಳಲ್ಲಿ ಸಮನಾಗಿ, ಮಾತ್ರೆ ಶುರುವಾದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಕಾಣಿಸುತ್ತದೆ. ಒಂದೇ ಮಂಡಿ, ಒಂದೇ ಕಾಲು ನೋಯುತ್ತಿದ್ದರೆ ಕಾರಣ ಬೇರೆ ಹುಡುಕಬೇಕು. ಸ್ನಾಯು ಕೆಟ್ಟಿದೆಯೇ ಎಂದು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿ, ಜೊತೆಗೆ ಥೈರಾಯ್ಡ್ ಕೂಡ. ಥೈರಾಯ್ಡ್ ಕಡಿಮೆ ಇದ್ದವರಿಗೆ ಈ ಮಾತ್ರೆ ಬೇಗ ಸ್ನಾಯುನೋವು ತರುತ್ತದೆ. ಸಿಕೆ ವಿಪರೀತ ಏರಿರದಿದ್ದರೆ ವೈದ್ಯರು 2–4 ವಾರ ನಿಲ್ಲಿಸಿ, ನೋವು ಹೋಯಿತೇ ನೋಡಿ, ಕಡಿಮೆ ಪ್ರಮಾಣದಲ್ಲಿ ಅಥವಾ ಬೇರೆ ಸ್ಟಾಟಿನ್‌ನಿಂದ ಮತ್ತೆ ಶುರು ಮಾಡುತ್ತಾರೆ, ಸಾಲದಿದ್ದರೆ ಎಜೆಟಿಮೈಬ್ ಸೇರಿಸುತ್ತಾರೆ. ನೋವಿನ ಜೊತೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು: ಕೆಮ್ಮಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಕ್ಲಾರಿಥ್ರೋಮೈಸಿನ್, ಹುಳುಕಡ್ಡಿಗೆಂದು ಇಟ್ರಾಕೊನಜೋಲ್ ತೆಗೆದುಕೊಂಡಾಗ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ರಕ್ತದಲ್ಲಿ ಹೆಚ್ಚಾಗಿ ಸ್ನಾಯು ಕೆಡಬಹುದು. ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಕವಾಟದಲ್ಲಿ ಸುಣ್ಣ ಕಟ್ಟಿದೆ ಎಂದ ಮೇಲೆ ಮನೆಯಲ್ಲಿ ಅತ್ತೆಯವರಿಗೆ ರಾಗಿಮುದ್ದೆ, ಹಾಲು, ಮೊಸರು ಎಲ್ಲ ಬಂದ್ ಮಾಡಿದ್ದೇವೆ. ಎಲೆಯಡಿಕೆಗೆ ಸುಣ್ಣ ಹಚ್ಚುವುದನ್ನೂ ಬಿಡಿಸಿದ್ದೇವೆ. ಮೂಳೆಗೆಂದು ಕೊಟ್ಟಿರುವ ಕ್ಯಾಲ್ಸಿಯಂ ಮಾತ್ರೆ ಏನು ಮಾಡುವುದು? ವಿಟಮಿನ್ ಕೆ2 ಸುಣ್ಣ ಕರಗಿಸುತ್ತದಂತೆ, ಕೊಡಲೇ?
– ಮಂಡ್ಯ

ಉತ್ತರ: ಮುದ್ದೆ ಕೊಡಿ, ಮೊಸರು ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇರುವುದು ಹೌದು, ಆದರೆ ಊಟದ ಕ್ಯಾಲ್ಸಿಯಂ ಹೋಗಿ ಕವಾಟದಲ್ಲಿ ಕೂರುತ್ತದೆ ಎಂಬುದಕ್ಕೆ ಆಧಾರವಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂಬುದನ್ನು ದೇಹ ಬಿಗಿಯಾಗಿ ಕಾಯುತ್ತದೆ. ಊಟದಲ್ಲಿ ನಿಲ್ಲಿಸಿದರೆ ಅದು ಮೂಳೆಯಿಂದ ತೆಗೆಯುತ್ತದೆ. ವಯಸ್ಸಾದ ಹೆಂಗಸಿಗೆ ಸೊಂಟದ ಮೂಳೆ ಮುರಿದರೆ ಕವಾಟದ ಚಿಕಿತ್ಸೆಯೂ ಕಷ್ಟವಾಗುತ್ತದೆ. ಎಲೆಯಡಿಕೆ ಬಿಟ್ಟದ್ದು ಬಾಯಿಗೆ ಒಳ್ಳೆಯದು, ಮತ್ತೆ ಶುರು ಮಾಡಿಸಬೇಡಿ. ಕವಾಟಕ್ಕೂ ಅದಕ್ಕೂ ಮಾತ್ರ ಸಂಬಂಧ ಕಟ್ಟಬೇಡಿ.

ಕ್ಯಾಲ್ಸಿಯಂ ಮಾತ್ರೆಯ ಮಾತು ಸ್ವಲ್ಪ ಬೇರೆ. ಕವಾಟ ಕಿರಿದಾದ ವೃದ್ಧರಲ್ಲಿ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಕವಾಟ ಬದಲಿಸುವ ಅಗತ್ಯ ಮತ್ತು ಸಾವು ಹೆಚ್ಚು ಕಂಡದ್ದನ್ನು 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ದಾಖಲಿಸಿತು. ಇದೂ ಚೀಟಿ ಎತ್ತಿ ಮಾಡಿದ ಪರೀಕ್ಷೆಯಲ್ಲ, ಮಾತ್ರೆಯೇ ಕಾರಣ ಎಂದು ಹೇಳಲಾಗದು. ಆದರೂ ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನುಂಗುತ್ತಿದ್ದರೆ ನಿಲ್ಲಿಸಿ, ಊಟದಿಂದ ಪಡೆಯುವುದು ಲೇಸು ಎನ್ನುವುದು ನಮ್ಮ ಅಭಿಪ್ರಾಯ. ಮೂಳೆ ಸವೆತಕ್ಕೆ ವೈದ್ಯರು ಬರೆದದ್ದಾಗಿದ್ದರೆ ಅವರನ್ನು ಕೇಳದೆ ಬಿಡಬೇಡಿ.

ಕೆ2 ಬೇಡ. ಡೆನ್ಮಾರ್ಕಿನಲ್ಲಿ 365 ಗಂಡಸರ ಮೇಲೆ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 720 ಮೈಕ್ರೋಗ್ರಾಂ ಕೆ2 ಮತ್ತು ವಿಟಮಿನ್ ಡಿ ಕೊಟ್ಟರೂ ಕವಾಟದ ಸುಣ್ಣ ಏರುವುದು ನಿಧಾನವಾಗಲಿಲ್ಲ. ಮೂಳೆ ಸವೆತದ ಔಷಧಗಳಾದ ಡೆನೋಸುಮ್ಯಾಬ್, ಅಲೆಂಡ್ರೊನೇಟ್ ಕೂಡ ಇದೇ ಆಸೆಯಿಂದ ಪರೀಕ್ಷೆಗೊಳಗಾಗಿ 2021ರಲ್ಲಿ ಸೋತವು. ಅತ್ತೆಯವರು ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರಾಂ ತೆಗೆದುಕೊಳ್ಳುತ್ತಿದ್ದರಂತೂ ಕೆ2 ಆ ಔಷಧಕ್ಕೇ ಎದುರು ನಿಲ್ಲುತ್ತದೆ.

ಪ್ರಶ್ನೆ: ತಂಗಿಗೆ 26 ವರ್ಷ, ಮದುವೆ ಗೊತ್ತಾಗಿದೆ. ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಮೈಟ್ರಲ್ ಕವಾಟ ಕಿರಿದಾಗಿದೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾಳೆ, ತುಂಬಾ ನೋವು. ಅದರ ಬದಲು ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟರೆ ಆಗದೇ ಎಂದು ಪರಿಚಯದ ಔಷಧ ಅಂಗಡಿಯವರು ಹೇಳಿದರು.
– ರಾಯಚೂರು

ಉತ್ತರ: ಖಂಡಿತ ಆಗದು. ಇದು ಬೇರೆಯೇ ಕಾಯಿಲೆ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಹುಣ್ಣಾದಾಗ, ಅದರ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ ಹೃದಯದ ಕವಾಟವನ್ನೂ ಕಡಿಯುತ್ತದೆ. ಎಸಳುಗಳು ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದರಲ್ಲಿ ಕೊಲೆಸ್ಟ್ರಾಲಿನ ಪಾತ್ರವಿಲ್ಲ. ಪೆನಿಸಿಲಿನ್ ಅಂಟಿದ್ದನ್ನು ಬಿಡಿಸುವುದಿಲ್ಲ ನಿಜ, ಆದರೆ ಮತ್ತೊಮ್ಮೆ ಜ್ವರ ಬಂದು ಕವಾಟ ಇನ್ನಷ್ಟು ಹಾಳಾಗದಂತೆ ಕಾಯುತ್ತದೆ. ಕವಾಟಕ್ಕೆ ಪೆಟ್ಟಾದವರು ಕೊನೆಯ ಜ್ವರದಿಂದ 10 ವರ್ಷ ಅಥವಾ 40 ವಯಸ್ಸಿನವರೆಗೆ, ಯಾವುದು ಮುಂದೆಯೋ ಅಲ್ಲಿಯವರೆಗೆ ಹಾಕಿಸಿಕೊಳ್ಳಬೇಕು. ಬಲೂನ್ ಚಿಕಿತ್ಸೆ ಅಥವಾ ಆಪರೇಷನ್ ಆದ ಮೇಲೂ ಇದು ನಿಲ್ಲುವುದಿಲ್ಲ.

ನೋವಿನ ವಿಚಾರಕ್ಕೆ: 12 ಲಕ್ಷ ಯೂನಿಟ್‌ನ ಈ ಬೆಂಜಥೀನ್ ಪೆನಿಸಿಲಿನ್ ನೀರಿನಲ್ಲಿ ಪೂರ್ತಿ ಕರಗುವ ಔಷಧವಲ್ಲ, ಹಿಟ್ಟು ಕದಡಿದಂತೆ ಇರುತ್ತದೆ. ಕಲಸಿ ಇಟ್ಟುಕೊಂಡರೆ ತಳ ಸೇರಿ ಸೂಜಿ ಕಟ್ಟಿಕೊಳ್ಳುತ್ತದೆ, ಮತ್ತೆ ಚುಚ್ಚಬೇಕಾಗುತ್ತದೆ. ಚೆನ್ನಾಗಿ ಕುಲುಕಿ ಕೂಡಲೇ, ಸ್ವಲ್ಪ ದಪ್ಪ ಸೂಜಿಯಿಂದ, ಆಳವಾಗಿ ಸ್ನಾಯುವಿಗೆ, 2–3 ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡಬೇಕು. ಬಾಟಲಿ ಫ್ರಿಜ್ಜಿನಲ್ಲಿದ್ದರೆ ಅಂಗೈಯಲ್ಲಿ ಹಿಡಿದು ತಣಿವು ಹೋದ ಮೇಲೆ ಕೊಟ್ಟರೆ ನೋವು ಕಡಿಮೆ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಲಿ. ಅಲರ್ಜಿ ಅಪರೂಪ, ಆದರೆ ಆಯಿತೆಂದರೆ ಕೈಗೆ ವೈದ್ಯರು ಸಿಗುವಂತಿರಬೇಕು.

ಮದುವೆಗೆ ಮೊದಲು ಎಕೋ ಮಾಡಿಸಿ. ಮೈಟ್ರಲ್ ಕವಾಟದ ವಿಸ್ತೀರ್ಣ 4–6 ಚದರ ಸೆಂ.ಮೀ. ಇರಬೇಕಾದ್ದು, 1.5 ಅಥವಾ ಅದಕ್ಕಿಂತ ಕೆಳಗಿದ್ದರೆ ತೀವ್ರ. ಬಸುರಿನಲ್ಲಿ ರಕ್ತದ ಪ್ರಮಾಣ ಮತ್ತು ಹೃದಯದ ಬಡಿತ ಎರಡೂ ಏರಿ, ಅಲ್ಲಿಯವರೆಗೆ ಸುಮ್ಮನಿದ್ದ ಕಿರಿದಾದ ಕವಾಟ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ಎಸಳು ಮೆತ್ತಗಿದ್ದು, ಎಡ ಹೃತ್ಕರ್ಣದಲ್ಲಿ ಹೆಪ್ಪುಗಟ್ಟಿದ ರಕ್ತ ಇಲ್ಲದೆ, ಸೋರಿಕೆ ಹೆಚ್ಚಿಲ್ಲದಿದ್ದರೆ ತೊಡೆಯ ರಕ್ತನಾಳದಿಂದ ಬಲೂನ್ ಒಯ್ದು ಅಂಟಿದ ಅಂಚುಗಳನ್ನು ಬಿಡಿಸಬಹುದು. ಎದೆ ಸೀಳುವ ಕೆಲಸವಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೀರ್ಘಕಾಲದಿಂದ ನಡೆಯುತ್ತಿದೆ. ಇದನ್ನು ಬಸುರಾಗುವ ಮೊದಲೇ ಮಾಡಿಸಿಕೊಳ್ಳುವುದು ಬಹಳ ಮುಖ್ಯ. ಅಂದ ಹಾಗೆ ಬಸುರು ಬಯಸುವವರಿಗೆ ಸ್ಟಾಟಿನ್ ಸಾಮಾನ್ಯವಾಗಿ ಕೊಡುವುದೇ ಇಲ್ಲ.

ಪ್ರಶ್ನೆ: 2016ರಲ್ಲಿ ಅಯೋರ್ಟಿಕ್ ಕವಾಟ ಬದಲಿಸಿ ಲೋಹದ ಕವಾಟ ಹಾಕಿದ್ದಾರೆ. ಅಸಿಟ್ರಾಂ ನಡೆಯುತ್ತಿದೆ, ಐಎನ್‌ಆರ್ ಯಾವಾಗಲೂ 2.5ರ ಆಸುಪಾಸು. ರೋಸುವಾಸ್ಟಾಟಿನ್ 20 ಶುರು ಮಾಡಿದ ಮೇಲೆ 3.9 ಬಂದಿದೆ. ಹೊಸ ಕವಾಟವನ್ನು ಕಾಪಾಡಲು ಈ ಮಾತ್ರೆ ಬೇಕೇ?
– ಹುಬ್ಬಳ್ಳಿ

ಉತ್ತರ: ಲೋಹದ ಕವಾಟಕ್ಕೆ ಸ್ಟಾಟಿನ್‌ನಿಂದ ಆಗಬೇಕಾದ್ದು ಏನೂ ಇಲ್ಲ. ಪ್ರಾಣಿಜನ್ಯ ಕವಾಟ ಬೇಗ ಸವೆಯದಂತೆ ಅದು ತಡೆಯುತ್ತದೆ ಎಂಬುದೂ ಸಾಬೀತಾಗಿಲ್ಲ. ನಿಮಗೆ ರಕ್ತನಾಳದ ಕಾಯಿಲೆ, ಸಕ್ಕರೆ ಕಾಯಿಲೆ ಅಥವಾ ಹೆಚ್ಚಿನ ಎಲ್‌ಡಿಎಲ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇದ್ದರೆ ಮಾತ್ರೆ ಬೇಕು.

ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ) ಏರಿದ್ದಕ್ಕೆ ರೋಸುವಾಸ್ಟಾಟಿನ್ ಕಾರಣವಿರಬಹುದು, ಈ ಗುಣ ಅದಕ್ಕಿದೆ. ಅಟೋರ್ವಾಸ್ಟಾಟಿನ್‌ನಿಂದ ಐಎನ್‌ಆರ್ ಅಷ್ಟಾಗಿ ಅಲುಗುವುದಿಲ್ಲ. ಸಾಮಾನ್ಯವಾಗಿ ಅಯೋರ್ಟಿಕ್ ಜಾಗದ ಲೋಹದ ಕವಾಟಕ್ಕೆ 2ರಿಂದ 3, ಮೈಟ್ರಲ್ ಜಾಗದ್ದಕ್ಕೆ 2.5ರಿಂದ 3.5 ಇರಬೇಕು. 3.9 ಇದ್ದು ರಕ್ತ ಎಲ್ಲೂ ಸೋರದಿದ್ದರೆ ವಿಟಮಿನ್ ಕೆ ಬೇಕಾಗುವುದಿಲ್ಲ, ವೈದ್ಯರು ಅಸಿಟ್ರಾಂ ಪ್ರಮಾಣವನ್ನು ಸ್ವಲ್ಪ ಇಳಿಸಿ ಒಂದು ವಾರದೊಳಗೆ ಮತ್ತೆ ನೋಡುತ್ತಾರೆ. ನೀವಾಗಿಯೇ ಅಸಿಟ್ರಾಂ ನಿಲ್ಲಿಸಬೇಡಿ. ಕೆಲವೇ ದಿನ ತಪ್ಪಿದರೂ ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಬಾಗಿಲೇ ಸಿಕ್ಕಿಹಾಕಿಕೊಳ್ಳಬಹುದು. ಯಾವ ಹೊಸ ಮಾತ್ರೆ ಶುರುವಾದರೂ, ನಿಂತರೂ, ಪ್ರಮಾಣ ಬದಲಾದರೂ 5–7 ದಿನಕ್ಕೆ ಐಎನ್‌ಆರ್ ಮಾಡಿಸುವುದು ರೂಢಿಯಾಗಲಿ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಇದನ್ನು ರೋಸುವಾಸ್ಟಾಟಿನ್‌ಗಿಂತ ಹೆಚ್ಚು ಏರಿಸುತ್ತದೆ. ಸೊಪ್ಪು ಬಿಡುವುದು ಬೇಡ, ಆದರೆ ಒಂದು ವಾರ ದಿನಾ ಸೊಪ್ಪಿನ ಬಸ್ಸಾರು, ಮುಂದಿನ ವಾರ ಒಂದು ಎಲೆಯೂ ಇಲ್ಲ ಎನ್ನುವಂತಾಗಬಾರದು. ವಸಡಿನಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ, ಹಿಂದೆಂದೂ ಕಾಣದ ತಲೆನೋವು ಬಂದರೆ ರಾತ್ರಿಯಾದರೂ ಹೊರಡಿ.

ಪ್ರಶ್ನೆ: ನಾನು ಸಿಂಗಪುರದಲ್ಲಿದ್ದೇನೆ. ಅಪ್ಪನಿಗೆ, ದೊಡ್ಡಪ್ಪನಿಗೆ ಇಬ್ಬರಿಗೂ ಕವಾಟ ಬದಲಿಸಿದ್ದಾರೆ. ಇಲ್ಲಿ ನನ್ನ ‘ಲೈಪೋಪ್ರೋಟೀನ್ ಲಿಟಲ್ ಎ’ ಪರೀಕ್ಷೆ ಮಾಡಿ ಹೆಚ್ಚಿದೆ ಎಂದರು. ಸ್ಟಾಟಿನ್‌ನಿಂದ ಇದು ಇಳಿಯುತ್ತದೆಯೇ?
– ಸಿಂಗಪುರ

ಉತ್ತರ: ಇಳಿಯುವುದಿಲ್ಲ, ಕೆಲವರಲ್ಲಿ ತುಸು ಏರುವುದೂ ಉಂಟು. ಎಲ್‌ಡಿಎಲ್‌ಗೆ ಬಾಲ ಕಟ್ಟಿದಂಥ ಈ ಕಣದ ಪ್ರಮಾಣವನ್ನು ಬಹುಮಟ್ಟಿಗೆ ವಂಶವಾಹಿ ನಿರ್ಧರಿಸುತ್ತದೆ, ಪಥ್ಯ ವ್ಯಾಯಾಮಗಳಿಂದ ಹೆಚ್ಚು ಬದಲಾಗದು. ಅದನ್ನು ಏರಿಸುವ ವಂಶವಾಹಿ ಇದ್ದವರಲ್ಲಿ ಅಯೋರ್ಟಿಕ್ ಕವಾಟ ಸುಣ್ಣ ಕಟ್ಟುವುದು ಹೆಚ್ಚು ಎಂದು 2013ರಲ್ಲಿ ಗೊತ್ತಾಯಿತು. ಸ್ಟಾಟಿನ್ ಕವಾಟದಲ್ಲಿ ಸೋತದ್ದಕ್ಕೆ ಒಂದು ಕಾರಣ ಇಲ್ಲಿಯೂ ಇರಬಹುದು. 50 ಮಿ.ಗ್ರಾಂ./ಡೆಸಿಲೀಟರ್ ಅಥವಾ 125 ನ್ಯಾನೊಮೋಲ್/ಲೀಟರ್ ದಾಟಿದರೆ ಹೆಚ್ಚು ಎನ್ನುತ್ತಾರೆ. ಎರಡು ಅಳತೆಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಿ ಬದಲಾಯಿಸಲು ಹೋಗಬೇಡಿ, ತಪ್ಪುತ್ತದೆ. ಇದನ್ನು ಗುರಿಯಿಟ್ಟು ಇಳಿಸುವ ಚುಚ್ಚುಮದ್ದುಗಳು ಪರೀಕ್ಷೆಯಲ್ಲಿವೆ. ಅವು ಕವಾಟ ಕಾಯುತ್ತವೆ ಎಂದು ಇನ್ನೂ ಹೇಳುವಂತಿಲ್ಲ. ನೀವು ಬಿಪಿ, ಎಲ್‌ಡಿಎಲ್ ಹತೋಟಿಯಲ್ಲಿಡಿ. ಒಂದು ಎಕೋ ಮಾಡಿಸಿ, ಕವಾಟಕ್ಕೆ ಮೂರರ ಬದಲು ಎರಡೇ ಎಸಳಿವೆಯೇ ನೋಡಲು ಹೇಳಿ. ನೂರಕ್ಕೆ ಒಬ್ಬಿಬ್ಬರಿಗೆ ಹುಟ್ಟಿನಿಂದ ಹಾಗಿರುತ್ತದೆ, ಕುಟುಂಬದಲ್ಲಿ ಹರಿದು ಬರುತ್ತದೆ, ಅಂಥ ಕವಾಟ ಬೇಗ ಕೆಡುತ್ತದೆ.

ಪ್ರಶ್ನೆ: ಅಮ್ಮನಿಗೆ 74. ಕವಾಟದ ವಿಸ್ತೀರ್ಣ 0.7, ಮೀನ್ ಗ್ರೇಡಿಯಂಟ್ 52. ದೇವಸ್ಥಾನದ ಮೆಟ್ಟಿಲ ಮೇಲೆ ಒಮ್ಮೆ ಕಣ್ಣು ಕತ್ತಲೆ ಬಂದು ಕುಸಿದರು. ಆಪರೇಷನ್ ಬೇಡ, ಕೊಲೆಸ್ಟ್ರಾಲ್ ಮಾತ್ರೆ ಜಾಸ್ತಿ ಮಾಡಿಸಿ ಆರು ತಿಂಗಳು ನೋಡೋಣ ಎನ್ನುತ್ತಾರೆ.
– ದಾವಣಗೆರೆ

ಉತ್ತರ: ಆರು ತಿಂಗಳು ಕಾಯಬೇಡಿ. ಈ ವಾರವೇ ಕವಾಟದ ಆಪರೇಷನ್ ಮತ್ತು ಟಾವಿ (ಎದೆ ತೆರೆಯದೆ ಕವಾಟ ಕೂರಿಸುವ ವಿಧಾನ) ಎರಡೂ ಮಾಡುವ ಕೇಂದ್ರಕ್ಕೆ ಕರೆದೊಯ್ಯಿರಿ. ಅಮ್ಮನ ಕಾಯಿಲೆ ತೀವ್ರ ಹಂತದಲ್ಲಿದೆ, ಲಕ್ಷಣವೂ ಶುರುವಾಗಿದೆ. ಕವಾಟ ಬದಲಿಸದೆ ಉಳಿದವರ ಆಯುಷ್ಯ ಎದೆನೋವು ಶುರುವಾದ ಮೇಲೆ ಸುಮಾರು 5 ವರ್ಷ, ಎಚ್ಚರ ತಪ್ಪಿದ ಮೇಲೆ 3, ಹೃದಯ ಸೋತು ಉಸಿರುಗಟ್ಟಿದ ಮೇಲೆ 2 ಎಂದು 1968ರಲ್ಲೇ ರಾಸ್ ಮತ್ತು ಬ್ರಾನ್‌ವಾಲ್ಡ್ ತೋರಿಸಿದ್ದರು. ಆ ದಾರಿಯನ್ನು ಬದಲಿಸುವ ಮಾತ್ರೆ ಇವತ್ತಿಗೂ ಇಲ್ಲ. ಕವಾಟ ಬದಲಿಸಿದರೆ ಬದಲಾಗುತ್ತದೆ.

ಎದೆ ತೆರೆದು ಬದಲಿಸುವುದು ಒಂದು ದಾರಿ. ಇನ್ನೊಂದು ಟಾವಿ: ತೊಡೆಯ ರಕ್ತನಾಳದ ಮೂಲಕ ಮಡಿಸಿದ ಕವಾಟವನ್ನು ಒಯ್ದು ಹಳೆಯದರೊಳಗೇ ಅರಳಿಸುವುದು. ಫ್ರಾನ್ಸಿನ ರೂಆನ್ ನಗರದಲ್ಲಿ 2002ರಲ್ಲಿ ಅಲೆನ್ ಕ್ರಿಬಿಯೆ ಮನುಷ್ಯರಲ್ಲಿ ಮೊದಲು ಮಾಡಿದ್ದು. 65ರೊಳಗಿನವರಿಗೆ ಸಾಮಾನ್ಯವಾಗಿ ಆಪರೇಷನ್, 80 ದಾಟಿದವರಿಗೆ ಟಾವಿ, ನಡುವಿನವರಿಗೆ ಸಿಟಿ ಸ್ಕ್ಯಾನ್ ನೋಡಿ ತೀರ್ಮಾನ. 74ರ ಅಮ್ಮನಿಗೆ ಎರಡೂ ಸಾಧ್ಯ. ತೊಡೆಯ ನಾಳದ ಅಗಲ, ಕವಾಟದ ಉಂಗುರದ ಅಳತೆ, ಹೃದಯದ ರಕ್ತನಾಳದ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಆ ಸ್ಕ್ಯಾನ್ ಹೇಳುತ್ತದೆ. ಖರ್ಚಿನಲ್ಲಿ ಟಾವಿ ಬಹಳ ದುಬಾರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಯಾವುದಕ್ಕೆ ಎಷ್ಟು ನೆರವು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಅಲ್ಲಿಯವರೆಗೆ ಮೆಟ್ಟಿಲು, ಭಾರ, ಅವಸರ ಬೇಡ. ಟ್ರೆಡ್‌ಮಿಲ್ ಪರೀಕ್ಷೆ ಬೇಡ. ಲಕ್ಷಣ ಶುರುವಾದವರಿಗೆ ಅದು ಅಪಾಯ. ಎದೆನೋವು ಬಂತೆಂದು ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರು ಹೇಳದೆ ಕೊಡಬೇಡಿ, ಬಿಪಿ ಥಟ್ಟನೆ ಇಳಿದು ಮತ್ತೆ ಕುಸಿಯಬಹುದು. ಈಗ ನಡೆಯುತ್ತಿರುವ ಸ್ಟಾಟಿನ್ ಇದ್ದರೆ ಇದ್ದಂತೆಯೇ ಮುಂದುವರಿಯಲಿ. ಹೊರಡುವ ಮುನ್ನ ಹಲ್ಲಿನ ವೈದ್ಯರಿಗೂ ಒಮ್ಮೆ ತೋರಿಸಲು ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿ: ಹುಳುಕು ಹಲ್ಲು, ಕೀವು ತುಂಬಿದ ವಸಡು ಉಳಿದರೆ ಹೊಸ ಕವಾಟಕ್ಕೆ ಸೋಂಕು ಹತ್ತುತ್ತದೆ, ಅದಕ್ಕಾಗಿ ಕವಾಟದ ದಿನಾಂಕವನ್ನೇ ಮುಂದೂಡಬೇಕಾದೀತು.